ಅಮೆರಿಕದ ದಕ್ಷಿಣದ ತಿಕ್ಕಲು ಮನೆತನಗಳ ನಾಟಕ: ಯಾವುದನ್ನು ಮೊದಲು ಓದಬೇಕು?

ನೀವು ಕೇಳಿರುವುದು ಎರಡು ಪ್ರಶ್ನೆ. ಅಮೆರಿಕದ ದಕ್ಷಿಣದ ರಾಜ್ಯಗಳ ಕುಟುಂಬ ನಾಟಕಗಳಲ್ಲಿ ಎಲ್ಲರೂ ಯಾಕೆ ಒಂಥರಾ ತಿಕ್ಕಲಾಗಿ ಇರುತ್ತಾರೆ, ಯಾಕೆ ಎಲ್ಲವೂ ಕೊನೆಗೆ ಆಸ್ತಿಗೇ ಬಂದು ನಿಲ್ಲುತ್ತದೆ ಅನ್ನೋದು ಒಂದು. ಹೆಣ್ಣುಮಕ್ಕಳೇ ಜಾಸ್ತಿ ಇರುವ ನಿಮ್ಮ ಹವ್ಯಾಸಿ ತಂಡ ಒಟ್ಟಿಗೆ ಕೂತು ಓದೋದಕ್ಕೆ ಯಾವುದನ್ನು ಮೊದಲು ಎತ್ತಿಕೊಳ್ಳಬೇಕು ಅನ್ನೋದು ಇನ್ನೊಂದು.

ನನಗೆ ಈ ನಾಟಕಗಳ ಹುಚ್ಚು ಹಿಡಿದು ಹದಿನೈದು ವರ್ಷ ದಾಟಿತು. ನಮ್ಮ ತಂಡದಲ್ಲೂ ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿ ನಾಟಕ ಓದುವ ರೂಢಿ ಇದೆ. ಹಾಗಾಗಿ ಗೊತ್ತಿರುವಷ್ಟನ್ನು ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಮೊದಲು ನಮ್ಮ ಮನೆಯದೇ ಒಂದು ವಿಷಯ. ಅಜ್ಜಿ ತೀರಿಕೊಂಡ ಮೇಲೆ ಅಮ್ಮನ ತವರಿನಲ್ಲಿ ಪಾಲಾಯಿತು. ದೊಡ್ಡಮ್ಮ ಗದ್ದೆ ಕೇಳಲಿಲ್ಲ, ಒಡವೆ ಕೇಳಲಿಲ್ಲ. ಬಚ್ಚಲ ಮನೆಯ ತಾಮ್ರದ ಹಂಡೆ ಬೇಕು ಅಂತ ಹಟ ಹಿಡಿದರು. ಮಾವಂದಿರು ನಕ್ಕರು. ತೂಕಕ್ಕೆ ಹಾಕಿದರೆ ಎಷ್ಟು ಬರುತ್ತೋ ಅಷ್ಟು ದುಡ್ಡು ಕೊಡ್ತೀವಿ ಬಿಡು ಅಂದರು. ದೊಡ್ಡಮ್ಮ ಎರಡು ವರ್ಷ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಆಮೇಲೊಂದು ದಿನ ಅಮ್ಮ ಹೇಳಿದಳು: ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಮದುವೆಯಾಗಿ ಹೋಗುವವರೆಗೂ ಬೆಳಗಿನ ಜಾವ ಎದ್ದು ಆ ಹಂಡೆಗೆ ಉರಿ ಹಾಕುತ್ತಿದ್ದವಳು ಅವಳೇ. ಅವಳು ಕಾಯಿಸಿದ ನೀರು ಎಲ್ಲರ ಮೈ ಮೇಲೂ ಬಿದ್ದಿತ್ತು. ಅದನ್ನು ಯಾರೂ ಒಂದು ದಿನವೂ ನೆನೆದಿರಲಿಲ್ಲ.

ಈ ನಾಟಕಗಳನ್ನು ಓದುವಾಗಲೆಲ್ಲ ನನಗೆ ಆ ಹಂಡೆ ನೆನಪಾಗುತ್ತದೆ. ಅಲ್ಲಿ ಯಾರಾದರೂ ಪಾಲು ಕೇಳಿದರೆ, ಬಾಯಿಬಿಟ್ಟು ಹೇಳಲಾಗದ ಇನ್ನೇನನ್ನೋ ಕೇಳುತ್ತಿರುತ್ತಾರೆ. ಆ ಮಾತು ನೇರವಾಗಿ ಹೊರಗೆ ಬರಲಾಗದೆ ಬೇರೆ ದಾರಿ ಹಿಡಿದಾಗ ನಮಗೆ ತಿಕ್ಕಲಾಗಿ ಕಾಣುತ್ತದೆ.

ದಕ್ಷಿಣದಲ್ಲೇ ಇಂಥ ನಾಟಕ ಯಾಕೆ ಇಷ್ಟೊಂದು? ಮಿಸಿಸಿಪ್ಪಿ, ಅಲಬಾಮಾ ಕಡೆಯ ದೊಡ್ಡ ಮನೆತನಗಳ ಸಿರಿ ನಿಂತಿದ್ದು ಹತ್ತಿಯ ಮೇಲೆ. ಆ ಹತ್ತಿಯನ್ನು ಬೆಳೆದು ಬಿಡಿಸಿದವರು ಗುಲಾಮರಾಗಿದ್ದ ಕಪ್ಪು ಜನ. 1865ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋಯಿತು. ಆದರೆ ಭೂಮಿಯಲ್ಲಿ ಬಹುಪಾಲು ಬಿಳಿಯರ ಕೈಯಲ್ಲೇ ಉಳಿಯಿತು. ದುಡಿಯುವವರು ಬೆಳೆಯಲ್ಲಿ ಪಾಲು ಕೊಟ್ಟು, ಮುಂದಿನ ಬೆಳೆಯ ತನಕ ಸಾಲ ಮಾಡಿ ಬದುಕುವ ಪದ್ಧತಿಗೆ ಸಿಕ್ಕಿಕೊಂಡರು. ಒಡೆಯರ ಮನೆಗಳೂ ಎಷ್ಟೋ ಕಡೆ ಅಡಮಾನಕ್ಕೆ ಬಿದ್ದವು. ಹೊರಗೆ ಬಿಳಿ ಕಂಬಗಳ ದೊಡ್ಡ ಮನೆ, ಒಳಗೆ ಸಾಲ. ಆದರೂ ಅತಿಥಿ ಬಂದರೆ ನಗಬೇಕು, ವಂಶದ ಹೆಸರು ಉಳಿಸಬೇಕು, ಊರವರು ಏನಂತಾರೋ ಅಂತ ನೋಡಬೇಕು. ಇಂಥ ಮನೆಯಲ್ಲಿ ನಿಜ ಹೇಳುವವರೇ ಹುಚ್ಚರಾಗಿ ಕಾಣುತ್ತಾರೆ ಅಲ್ವಾ?

ಟೆನೆಸೀ ವಿಲಿಯಮ್ಸ್ ಅವರ ‘ಕ್ಯಾಟ್ ಆನ್ ಎ ಹಾಟ್ ಟಿನ್ ರೂಫ್’ ನಾಟಕದಲ್ಲಿ ಇದೆಲ್ಲ ಒಂದೇ ಮಲಗುವ ಕೋಣೆಯೊಳಗೆ ಬಂದು ಕೂತಿದೆ. 1955ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ದೊಡ್ಡ ರಂಗಮಂದಿರಗಳ ಕೇಂದ್ರವಾದ ಬ್ರಾಡ್‌ವೇಯಲ್ಲಿ ಮೊದಲ ಪ್ರದರ್ಶನ. ಅದೇ ವರ್ಷ ಪುಲಿಟ್ಜರ್ ಬಹುಮಾನ ಬಂತು. ಮಿಸಿಸಿಪ್ಪಿ ಡೆಲ್ಟಾದಲ್ಲಿ 28,000 ಎಕರೆಯ ಒಡೆಯ ಬಿಗ್ ಡ್ಯಾಡಿ. ಅವನ 65ನೇ ಹುಟ್ಟುಹಬ್ಬದ ಸಂಜೆ. ಅವನಿಗೆ ಕ್ಯಾನ್ಸರ್. ಅದು ಮಕ್ಕಳಿಗೆ ಗೊತ್ತು, ಅವನಿಗೂ ಅವನ ಹೆಂಡತಿಗೂ ಗೊತ್ತಿಲ್ಲ. ಕರುಳಿನ ಸಣ್ಣ ತೊಂದರೆ ಅಷ್ಟೇ ಅಂತ ಇಬ್ಬರಿಗೂ ಹೇಳಿದ್ದಾರೆ. ಹಿರಿಮಗ ಗೂಪರ್ ವಕೀಲ. ಐದು ಮಕ್ಕಳ ತಂದೆ, ಆರನೆಯದು ಹೆಂಡತಿಯ ಹೊಟ್ಟೆಯಲ್ಲಿದೆ. ಕಿರಿಮಗ ಬ್ರಿಕ್ ಒಂದು ಕಾಲದ ಆಟಗಾರ, ಈಗ ಕುಡುಕ. ಹಿಂದಿನ ರಾತ್ರಿ ಶಾಲೆಯ ಮೈದಾನದಲ್ಲಿ ಹರ್ಡಲ್ಸ್ ಹಾರಲು ಹೋಗಿ ಕಾಲು ಮುರಿದುಕೊಂಡಿದ್ದಾನೆ. ಅವನ ಹೆಂಡತಿ ಮ್ಯಾಗಿಗೆ ಮಕ್ಕಳಿಲ್ಲ. ಗಂಡ ಹತ್ತಿರವೇ ಬರುವುದಿಲ್ಲ.

ಮೊದಲ ಅಂಕ ಬಹುತೇಕ ಮ್ಯಾಗಿಯ ಮಾತು. ಬಡ ಮನೆಯಲ್ಲಿ ಹುಟ್ಟಿದವಳು. ಮೂಗು ಎತ್ತಿಕೊಂಡು ತಿರುಗುವ ನೆಂಟರ ಹಳೇ ಬಟ್ಟೆ ಹಾಕಿಕೊಂಡು ಬೆಳೆದವಳು. ಆಸ್ತಿ ಬೇಕು ಅಂತ ಮುಚ್ಚುಮರೆ ಇಲ್ಲದೆ ಹೇಳುತ್ತಾಳೆ. ಓದುವ ಮೊದಲ ಸಲ ಅವಳು ಆಸೆಬುರುಕಿ ಅನ್ನಿಸಬಹುದು. ದಯವಿಟ್ಟು ಇನ್ನೊಂದು ಸಲ ಓದಿ. ಅವಳ ಪ್ರತಿ ಮಾತೂ ಬ್ರಿಕ್ ಒಂದು ಸಲ ತನ್ನ ಕಡೆ ತಿರುಗಿ ನೋಡಲಿ ಅಂತ ಆಡಿದ್ದು. ಆ 28,000 ಎಕರೆಯಲ್ಲಿ ಅವಳಿಗೆ ಬೇಕಾದ ಜಾಗ ಒಂದು ಮಂಚದಷ್ಟು.

ಆ ಮಂಚದ ಕಥೆಯೇ ಬೇರೆ. ಬಿಗ್ ಡ್ಯಾಡಿಗಿಂತ ಮುಂಚೆ ಈ ಜಮೀನು ಜ್ಯಾಕ್ ಸ್ಟ್ರಾ, ಪೀಟರ್ ಒಚೆಲೊ ಅನ್ನುವ ಇಬ್ಬರು ಗಂಡಸರದ್ದು. ಇಡೀ ಬದುಕು ಈ ಕೋಣೆಯಲ್ಲೇ ಜೊತೆಯಾಗಿ ಕಳೆದವರು. ಸ್ಟ್ರಾ ಸತ್ತಾಗ ಒಚೆಲೊ ಊಟ ಬಿಟ್ಟು ತಾನೂ ಸತ್ತ. ದಿಕ್ಕಿಲ್ಲದೆ ಬಂದ ಬಿಗ್ ಡ್ಯಾಡಿಗೆ ಕೆಲಸ ಕೊಟ್ಟವರು ಅವರೇ. ಅಂದರೆ ಈ ಮನೆಯವರು ಬಾಯಿಗೆ ತರಲು ಹೆದರುವ ಪ್ರೀತಿಯಿಂದಲೇ ಈ ಆಸ್ತಿ ಕೈಗೆ ಬಂದಿದೆ. ಬ್ರಿಕ್ ಮತ್ತು ಸತ್ತುಹೋದ ಅವನ ಗೆಳೆಯ ಸ್ಕಿಪರ್ ನಡುವೆ ಏನಿತ್ತು ಅಂತ ಎರಡನೇ ಅಂಕದಲ್ಲಿ ಅಪ್ಪ ಕೇಳುತ್ತಾನಲ್ಲ, ಆಗ ಬೈಯುವವನು ಅಪ್ಪನಲ್ಲ, ಮಗ. ಒರಟ ಅಪ್ಪನೇ ಅಲ್ಲಿ ಹೆಚ್ಚು ತಾಳ್ಮೆಯವನು. ಅಪ್ಪ ಮಗ ಇಬ್ಬರೇ ಮಾತಾಡುವ ಅಷ್ಟು ಉದ್ದದ ದೃಶ್ಯ ರಂಗದ ಮೇಲೆ ಅಪರೂಪ. ನಾವು ಓದಿದ ದಿನ ಮಧ್ಯೆ ಚಹಾ ಬಂದರೂ ಯಾರೂ ಲೋಟ ಮುಟ್ಟಲಿಲ್ಲ.

ಒಂದು ವಿಷಯ ಗಮನಿಸಿ. ಈ ನಾಟಕಕ್ಕೆ ಒಂದಕ್ಕಿಂತ ಹೆಚ್ಚು ಮೂರನೇ ಅಂಕ ಇದೆ. ನಿರ್ದೇಶಕ ಎಲಿಯಾ ಕಜಾನ್, ಬಿಗ್ ಡ್ಯಾಡಿ ಮತ್ತೆ ರಂಗಕ್ಕೆ ಬರಬೇಕು, ಬ್ರಿಕ್ ಸ್ವಲ್ಪ ಬದಲಾಗಬೇಕು, ಮ್ಯಾಗಿಯ ಮೇಲೆ ನೋಡುವವರಿಗೆ ಪ್ರೀತಿ ಹುಟ್ಟಬೇಕು ಅಂತ ಕೇಳಿದರು. ವಿಲಿಯಮ್ಸ್ ತಿದ್ದಿ ಬರೆದರು. ಆದರೆ ಪುಸ್ತಕ ಬಂದಾಗ ಎರಡನ್ನೂ ಅಚ್ಚು ಹಾಕಿಸಿದರು. 1974ರಲ್ಲಿ ಮತ್ತೆ ತಿದ್ದಿದರು. ನಿಮ್ಮ ಕೈಗೆ ಯಾವ ಪ್ರತಿ ಬಂದಿದೆ ನೋಡಿಕೊಳ್ಳಿ. ನಾವು ನೋಡಿಕೊಳ್ಳದೆ ಅರ್ಧ ಜನ ಒಂದು ಪ್ರತಿ, ಅರ್ಧ ಜನ ಇನ್ನೊಂದು ಪ್ರತಿ ಹಿಡಿದು ಕೂತಿದ್ದೆವು.

ಇನ್ನು ಕಲಾವಿದರ ಬಗ್ಗೆ ಒಂದು ಮಾತು. ಈ ಮನೆಗಳಲ್ಲಿ ಹಾಡುವವರು, ಬರೆಯುವವರು ಸಾಮಾನ್ಯವಾಗಿ ಮನೆ ಬಿಟ್ಟು ಹೋದವರು. ವಿಲಿಯಮ್ಸ್ ಅವರದೇ ‘ದಿ ಗ್ಲಾಸ್ ಮೆನಾಜರಿ’ ನಾಟಕದ ಟಾಮ್ ಹಾಗೆ. ಕಥೆ ನಡೆಯುವುದು ಸೇಂಟ್ ಲೂಯಿಸ್ ನಗರದಲ್ಲಾದರೂ ತಾಯಿ ಅಮಾಂಡಾ ಅಪ್ಪಟ ಮಿಸಿಸಿಪ್ಪಿಯವಳು. ಒಂದೇ ಮಧ್ಯಾಹ್ನ ತನ್ನನ್ನು ನೋಡಲು ಹದಿನೇಳು ಗಂಡುಗಳು ಬಂದಿದ್ದರು ಅಂತ ಇವತ್ತಿಗೂ ಹೇಳಿಕೊಳ್ಳುತ್ತಾಳೆ. ಟಾಮ್ ಶೂ ಗೋದಾಮಿನಲ್ಲಿ ಕೆಲಸ ಮಾಡುತ್ತಾ ಕದ್ದು ಕವಿತೆ ಬರೆಯುತ್ತಾನೆ. ಕೊನೆಗೆ ಕರೆಂಟ್ ಬಿಲ್ಲಿನ ದುಡ್ಡನ್ನು ಹಡಗಿನ ಕೆಲಸಗಾರರ ಸಂಘಕ್ಕೆ ಕಟ್ಟಿಬಿಡುತ್ತಾನೆ. ತಂಗಿಯಂತೆ ನೋಡಿಕೊಳ್ಳಬೇಕಾದ ಅಕ್ಕ ಲಾರಾಳನ್ನು ಬಿಟ್ಟು ಹೋಗುತ್ತಾನೆ. ಎಷ್ಟು ದೂರ ಹೋದರೂ ಅವಳ ನೆನಪು ಅವನನ್ನು ಬಿಡುವುದಿಲ್ಲ.

ವಿಲಿಯಮ್ಸ್ ತಾವೂ ಸೇಂಟ್ ಲೂಯಿಸ್‌ನ ಶೂ ಕಂಪನಿಯಲ್ಲಿ ದುಡಿದವರು. ಅವರ ಅಕ್ಕ ರೋಸ್‌ಗೆ 1943ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಅವರು ಮೊದಲಿನಂತೆ ಆಗಲೇ ಇಲ್ಲ. ಮರುವರ್ಷ ಡಿಸೆಂಬರ್‌ನಲ್ಲಿ ಶಿಕಾಗೊದಲ್ಲಿ ಈ ನಾಟಕ ರಂಗಕ್ಕೆ ಬಂತು. ಅದರ ಗಳಿಕೆಯಲ್ಲಿ ಅರ್ಧ ಪಾಲನ್ನು ವಿಲಿಯಮ್ಸ್ ತಾಯಿಯ ಹೆಸರಿಗೆ ಬರೆದುಕೊಟ್ಟರು. 1983ರಲ್ಲಿ ವಿಲಿಯಮ್ಸ್ ತೀರಿಕೊಂಡಾಗ ಉಯಿಲಿನಲ್ಲಿ ಆಸ್ತಿಯ ದೊಡ್ಡ ಭಾಗ ರೋಸ್ ಬದುಕಿರುವವರೆಗೂ ಅವರ ಆರೈಕೆಗೆ ಇತ್ತು. ಅವರ ನಂತರ ಅಜ್ಜ ಓದಿದ್ದ ಟೆನೆಸೀಯ ಸಿವಾನೀ ವಿಶ್ವವಿದ್ಯಾಲಯಕ್ಕೆ. ಇದು ಗೊತ್ತಾದ ಮೇಲೆ ಟಾಮ್‌ನ ಕೊನೆಯ ಮಾತುಗಳನ್ನು ನಾನು ಮೊದಲಿನ ಹಾಗೆ ಓದಲು ಆಗಿಲ್ಲ.

ಇನ್ನು ಲಿಲಿಯನ್ ಹೆಲ್‌ಮನ್ ಅವರ ‘ದಿ ಲಿಟಲ್ ಫಾಕ್ಸಸ್’. 1939ರ ನಾಟಕ, ಕಥೆ ನಡೆಯುವುದು 1900ರಲ್ಲಿ, ಅಲಬಾಮಾದ ಸಣ್ಣ ಊರಿನಲ್ಲಿ. ಹೆಲ್‌ಮನ್ ಹುಟ್ಟಿದ್ದು ನ್ಯೂ ಆರ್ಲಿಯನ್ಸ್. ತಾಯಿಯ ಕಡೆಯವರು ಅಲಬಾಮಾದವರು. ಬೆನ್, ಆಸ್ಕರ್ ಅನ್ನುವ ಅಣ್ಣಂದಿರು, ತಂಗಿ ರೆಜಿನಾ. ಅಪ್ಪ ದುಡ್ಡನ್ನೆಲ್ಲ ಗಂಡುಮಕ್ಕಳಿಗೆ ಬಿಟ್ಟುಹೋಗಿದ್ದಾನೆ. ರೆಜಿನಾ ಕೈಯಲ್ಲಿ ಬಿಡಿಗಾಸಿಲ್ಲ. ಏನೇ ಮಾಡಬೇಕಾದರೂ ಗಂಡ ಹೊರೇಸ್‌ನ ದುಡ್ಡನ್ನೇ ನೋಡಬೇಕು. ಊರಿಗೆ ಹತ್ತಿ ಗಿರಣಿ ಬರುತ್ತಿದೆ, ಅದರಲ್ಲಿ ಪಾಲು ಹಿಡಿದರೆ ಶಿಕಾಗೊಗೆ ಹೋಗಿ ಬದುಕಬಹುದು ಅನ್ನುವುದು ಅವಳ ಕನಸು. ಹೃದಯದ ಕಾಯಿಲೆಯ ಹೊರೇಸ್ ದುಡ್ಡು ಕೊಡಲು ಒಪ್ಪುವುದಿಲ್ಲ. ಅವನ ಪೆಟ್ಟಿಗೆಯಲ್ಲಿದ್ದ 88,000 ಡಾಲರ್ ಬೆಲೆಯ ಬಾಂಡುಗಳನ್ನು ಅಣ್ಣಂದಿರೇ ಸೇರಿ ಕದಿಸುತ್ತಾರೆ. ಅದು ಗೊತ್ತಾದಾಗ ಹೊರೇಸ್, ಆ ಬಾಂಡುಗಳಷ್ಟನ್ನೇ ರೆಜಿನಾಗೆ ಬಿಟ್ಟು ಉಳಿದದ್ದನ್ನೆಲ್ಲ ಮಗಳಿಗೆ ಬರೆಯುತ್ತೇನೆ ಅನ್ನುತ್ತಾನೆ. ಆಮೇಲೆ ಅವನಿಗೆ ಎದೆನೋವು ಬರುತ್ತದೆ. ಔಷಧದ ಬಾಟಲಿ ಬಿದ್ದು ಒಡೆಯುತ್ತದೆ. ಮೇಲಿನ ಕೋಣೆಯಿಂದ ಇನ್ನೊಂದು ತಂದುಕೊಡು ಅನ್ನುತ್ತಾನೆ. ರೆಜಿನಾ ಕೂತಲ್ಲಿಂದ ಏಳುವುದಿಲ್ಲ. ಮಾಡುವುದು ಅಷ್ಟೇ, ಸುಮ್ನೆ ಕೂತಿರುವುದು.

ರೆಜಿನಾಳನ್ನು ರಾಕ್ಷಸಿಯ ಹಾಗೆ ಆಡುವುದು ಸುಲಭ. ನಾನು ಅದನ್ನು ಒಪ್ಪುವುದಿಲ್ಲ. ಅವಳ ಅಣ್ಣಂದಿರು ಅವಳಿಗಿಂತ ಒಳ್ಳೆಯವರೇನಲ್ಲ, ಅವರಿಗೆ ಅಪ್ಪನ ದುಡ್ಡಿತ್ತು ಅಷ್ಟೇ. ಹೆಣ್ಣುಮಕ್ಕಳಿಗೆ ಪಾಲಿಲ್ಲದ ಮನೆಯಲ್ಲಿ ಬುದ್ಧಿವಂತ ಹೆಣ್ಣು ಏನಾಗಬಹುದು ಅಂತ ನಮಗೆ ಯಾರೂ ವಿವರಿಸಬೇಕಿಲ್ಲ. ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳ ಹಾಗೆ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದಿದ್ದೇ 1994ರಲ್ಲಿ. ದೇಶಕ್ಕೆಲ್ಲ ಬಂದಿದ್ದು 2005ರಲ್ಲಿ.

ಅದೇ ನಾಟಕದ ಬರ್ಡಿ, ಆಸ್ಕರ್‌ನ ಹೆಂಡತಿ. ಹಳೇ ಒಡೆಯರ ಮನೆತನದವಳು. ಅವಳ ತವರಿನ ಹತ್ತಿ ಹೊಲದ ಆಸೆಗೆ ಅವಳನ್ನು ಮದುವೆಯಾಗಿದ್ದಾರೆ. ಮೂರನೇ ಅಂಕದಲ್ಲಿ ಕುಡಿದ ಮತ್ತಿನಲ್ಲಿ, ಇಪ್ಪತ್ತೆರಡು ವರ್ಷದಲ್ಲಿ ಒಂದು ಪೂರ್ತಿ ದಿನ ಖುಷಿಯಾಗಿರಲಿಲ್ಲ ಅಂತ ಹೇಳುವ ಜಾಗ ಬರುತ್ತದೆ. ಅಳಿಸಬೇಕು ಅಂತ ಓದಬೇಡಿ. ಲೆಕ್ಕ ಒಪ್ಪಿಸುವ ಹಾಗೆ ಓದಿ. 2017ರಲ್ಲಿ ಬ್ರಾಡ್‌ವೇಯಲ್ಲಿ ಲಾರಾ ಲಿನ್ನಿ ಮತ್ತು ಸಿಂಥಿಯಾ ನಿಕ್ಸನ್ ಈ ಎರಡು ಪಾತ್ರಗಳನ್ನು ಪ್ರದರ್ಶನದಿಂದ ಪ್ರದರ್ಶನಕ್ಕೆ ಅದಲು ಬದಲು ಮಾಡಿಕೊಂಡು ಆಡಿದರು. ನಿಮ್ಮ ತಂಡದಲ್ಲೂ ಇಬ್ಬರು ಇದನ್ನು ಮಾಡಿ ನೋಡಲಿ. ಒಂದು ವಾರ ರೆಜಿನಾ ಆಗಿದ್ದವಳು ಮುಂದಿನ ವಾರ ಬರ್ಡಿ ಆದಾಗ ಅವಳ ದನಿಯೇ ಬದಲಾಗುತ್ತದೆ.

ಹಾರ್ಟನ್ ಫೂಟ್ ಅವರ ‘ಡಿವೈಡಿಂಗ್ ದಿ ಎಸ್ಟೇಟ್’ ಟೆಕ್ಸಸ್‌ನದು. ಹೆಸರೇ ಹೇಳುವ ಹಾಗೆ ಪಾಲಿನ ನಾಟಕ. ಮೆತ್ತಗಿನ ಹಾಸ್ಯ. 1980ರ ದಶಕದಲ್ಲಿ ಪೆಟ್ರೋಲಿಯಂ ಎಣ್ಣೆಯ ಬೆಲೆ ಬಿದ್ದು ಜಮೀನಿನ ಬೆಲೆಯೂ ಇಳಿದ ಹೊತ್ತಿನಲ್ಲಿ ಮಕ್ಕಳು ಪಾಲಿಗೆ ಕೂರುತ್ತಾರೆ. ಬ್ರಾಡ್‌ವೇಗೆ ಬಂದ 2008ರಲ್ಲಿ ಫೂಟ್ ಅವರಿಗೆ 92 ವರ್ಷ. ಓದಿ, ಆದರೆ ಮೊದಲಿಗೆ ಬೇಡ.

ಇಷ್ಟು ಓದಿದ ಮೇಲೆ ನನಗೆ ಒಂದು ಕೊರತೆ ಕಾಡತೊಡಗಿತು. ಇವೆಲ್ಲ ಆಸ್ತಿ ಇದ್ದವರ ಜಗಳ. ಆ ಹೊಲದಲ್ಲಿ ಬೆನ್ನು ಬಗ್ಗಿಸಿದವರ ಮಕ್ಕಳಿಗೆ ಬಂದ ಪಾಲು ಯಾವುದು? ಇದಕ್ಕೆ ಆಗಸ್ಟ್ ವಿಲ್ಸನ್ ಅವರ ‘ದಿ ಪಿಯಾನೊ ಲೆಸನ್’ ಓದಲೇಬೇಕು. 1990ರಲ್ಲಿ ಪುಲಿಟ್ಜರ್ ಪಡೆದ ನಾಟಕ. ನಡೆಯುವುದು 1936ರಲ್ಲಿ, ಉತ್ತರದ ಪಿಟ್ಸ್‌ಬರ್ಗ್‌ನಲ್ಲಿ. ಆದರೆ ಅದರ ಬೇರುಗಳೆಲ್ಲ ಮಿಸಿಸಿಪ್ಪಿಯಲ್ಲಿವೆ. ಬಾಯ್ ವಿಲ್ಲಿ ಒಂದು ಟ್ರಕ್ ಕಲ್ಲಂಗಡಿ ತುಂಬಿಕೊಂಡು ಅಕ್ಕ ಬರ್ನೀಸ್ ಮನೆಗೆ ಬರುತ್ತಾನೆ. ಮನೆಯಲ್ಲಿರುವ ಪಿಯಾನೊ ಮಾರಿ, ತನ್ನ ಹಿರಿಯರು ಗುಲಾಮರಾಗಿ ದುಡಿದ ಜಮೀನನ್ನೇ ಕೊಳ್ಳಬೇಕು ಅನ್ನುವುದು ಅವನ ಲೆಕ್ಕ. ಬರ್ನೀಸ್ ಮಾರಲು ಬಿಡುವುದಿಲ್ಲ. ಆ ಪಿಯಾನೊಗಾಗಿ ಒಡೆಯ ಅವರ ಮನೆಯ ಒಬ್ಬ ಹೆಂಗಸನ್ನೂ ಒಬ್ಬ ಪುಟ್ಟ ಹುಡುಗನನ್ನೂ ಬದಲಿಗೆ ಕೊಟ್ಟಿದ್ದ. ಹಿಂದೆ ಉಳಿದ ಆ ಹೆಂಗಸಿನ ಗಂಡ ಬಡಗಿಯಾಗಿದ್ದ, ಅವನೇ ಅವರ ಮುಖಗಳನ್ನು ಅದರ ಮರದಲ್ಲಿ ಕೆತ್ತಿದ್ದ. ಅದನ್ನು ಒಡೆಯರ ಮನೆಯಿಂದ ಹೊತ್ತು ತಂದದ್ದಕ್ಕೆ ಇವರ ಅಪ್ಪ ಜೀವ ಕೊಟ್ಟ. ಅಮ್ಮ ಹದಿನೇಳು ವರ್ಷ ಅದನ್ನು ಉಜ್ಜಿ ಹೊಳಪು ಮಾಡಿದಳು. ಮಾರಬೇಕು ಅನ್ನುವವನೂ ಸರಿ, ಬೇಡ ಅನ್ನುವವಳೂ ಸರಿ. ನಾನು ಎಷ್ಟು ಸಲ ಓದಿದರೂ ಒಬ್ಬರ ಕಡೆ ನಿಲ್ಲಲು ಆಗಿಲ್ಲ.

ಅದರ ಜೊತೆಗೇ ಬ್ರ್ಯಾಂಡನ್ ಜೇಕಬ್ಸ್-ಜೆಂಕಿನ್ಸ್ ಅವರ ‘ಅಪ್ರೋಪ್ರಿಯೇಟ್’ ಇಟ್ಟುಕೊಳ್ಳಿ. 2013ರದ್ದು. ಬ್ರಾಡ್‌ವೇಗೆ 2023ರ ಕೊನೆಯಲ್ಲಿ ಬಂದು ಮರುವರ್ಷ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ ಪಡೆಯಿತು. ಆರ್ಕನ್ಸಾದ ಹಳೇ ಮನೆ, ಅಪ್ಪ ಸತ್ತಿದ್ದಾನೆ, ಮೂವರು ಮಕ್ಕಳು ಸಾಮಾನು ಖಾಲಿ ಮಾಡಲು ಬಂದಿದ್ದಾರೆ. ಒಂದು ಆಲ್ಬಮ್ ಸಿಗುತ್ತದೆ. ತುಂಬ ಕಪ್ಪು ಜನರ ಹೆಣಗಳ ಫೋಟೊ, ಗುಂಪು ಸೇರಿ ಕೊಂದವರದ್ದು. ಅಪ್ಪ ಎಂಥವನಾಗಿದ್ದ ಅಂತ ಜಗಳ ಶುರುವಾಗುತ್ತದೆ. ಆಮೇಲೆ ಆ ಫೋಟೊಗಳಿಗೂ ಒಳ್ಳೆ ಬೆಲೆ ಇದೆ ಅಂತ ಗೊತ್ತಾಗುತ್ತದೆ. ನಾಟಕ ಬರೆದವರು ಕಪ್ಪು ಲೇಖಕ. ರಂಗದ ಮೇಲೆ ಒಂದೂ ಕಪ್ಪು ಪಾತ್ರ ಇಲ್ಲ. ಆ ಖಾಲಿತನ ಓದುವಾಗ ಮೈ ಜುಮ್ಮೆನ್ನಿಸುತ್ತದೆ.

ಇದೇ ಕಾರಣಕ್ಕೆ ಒಂದು ಮಾತು ಕೇಳಿಕೊಳ್ಳುತ್ತೇನೆ. ಮುಂದೆ ರಂಗಕ್ಕೆ ತರುವ ಯೋಚನೆ ಇದ್ದರೆ, ಕಥೆಯನ್ನು ಕೊಡಗಿನ ಕಾಫಿ ತೋಟಕ್ಕೋ ಮಲೆನಾಡಿನ ಅಡಿಕೆ ತೋಟಕ್ಕೋ ಎತ್ತಿ ತರಬೇಡಿ. ಆಸ್ತಿ ಜಗಳ ಚೆನ್ನಾಗಿ ಹೊಂದಿಕೊಳ್ಳುತ್ತದೆ, ನಿಜ. ಆದರೆ ಆ ಹತ್ತಿ ಯಾರ ಕೈಯಿಂದ ಬಂತು ಅನ್ನುವುದು ದಾರಿಯಲ್ಲೇ ಬಿದ್ದುಹೋಗುತ್ತದೆ. ಊರು ಮಿಸಿಸಿಪ್ಪಿಯಾಗಿಯೇ ಇರಲಿ, ಮಾತು ಮಾತ್ರ ನೀವು ಅಕ್ಕ ತಂಗಿಯರು ಜಗಳವಾಡುವ ಕನ್ನಡವಾಗಲಿ. ಟಿಕೆಟ್ ಇಟ್ಟು ಜನರ ಮುಂದೆ ಆಡಬೇಕಾದರೆ, ಅನುವಾದ ಮಾಡಬೇಕಾದರೂ, ಹಕ್ಕು ಇರುವವರ ಅನುಮತಿ ಬೇಕು. ಅದನ್ನು ತಾಲೀಮಿಗೆ ಮುಂಚೆಯೇ ಕೇಳಿ.

ಮೊದಲು ಯಾವುದು? ನಿಮ್ಮ ತಂಡಕ್ಕೆ ನಾನು ಹೇಳುವುದು ಬೆತ್ ಹೆನ್ಲಿ ಅವರ ‘ಕ್ರೈಮ್ಸ್ ಆಫ್ ದಿ ಹಾರ್ಟ್’. ಆರೇ ಪಾತ್ರ, ಅದರಲ್ಲಿ ನಾಲ್ಕು ಹೆಣ್ಣು. ಒಂದೇ ಜಾಗ, ಅಡುಗೆ ಮನೆ. ಹೆನ್ಲಿ ಮಿಸಿಸಿಪ್ಪಿಯ ಜ್ಯಾಕ್ಸನ್‌ನಲ್ಲಿ ಹುಟ್ಟಿದವರು. ನಾಟಕ ಮೊದಲು ಆಡಿದ್ದು 1979ರಲ್ಲಿ, ಕೆಂಟಕಿಯ ಲೂಯಿವಿಲ್‌ನಲ್ಲಿ. 1981ರಲ್ಲಿ ಪುಲಿಟ್ಜರ್ ಬಂತು, ಆಮೇಲೆ ಬ್ರಾಡ್‌ವೇಗೆ ಹೋಯಿತು.

ಹೇಜಲ್‌ಹರ್ಸ್ಟ್ ಅನ್ನುವ ಊರು. ಮೂವರು ಅಕ್ಕತಂಗಿಯರು. ಹಿರಿಯಳು ಲೆನ್ನಿ, ಮನೆಯಲ್ಲೇ ಉಳಿದು ತಾತನ ಸೇವೆ ಮಾಡಿದವಳು. ಇವತ್ತು ಅವಳಿಗೆ ಮೂವತ್ತು ತುಂಬಿದೆ, ತಂಗಿಯರಿಗೆ ನೆನಪಿಲ್ಲ. ನಡುವಿನವಳು ಮೆಗ್, ಹಾಡುಗಾರ್ತಿಯಾಗಲು ಹಾಲಿವುಡ್‌ಗೆ ಹೋಗಿ ಸೋತು ಬಂದವಳು. ಕಿರಿಯಳು ಬೇಬ್, ಗಂಡನಿಗೆ ಗುಂಡು ಹೊಡೆದು ಜಾಮೀನಿನ ಮೇಲೆ ಮನೆಗೆ ಬಂದಿದ್ದಾಳೆ. ಯಾಕೆ ಹೊಡೆದೆ ಅಂದರೆ, ಅವನ ಮುಖ ಇಷ್ಟವಾಗಲಿಲ್ಲ ಅನ್ನುತ್ತಾಳೆ. ಹೊಡೆದ ಮೇಲೆ ನಿಂಬೆ ಪಾನಕ ಮಾಡಿ ಕುಡಿದಿದ್ದಾಳೆ. ಇಲ್ಲಿ ಎಲ್ಲರೂ ನಗುತ್ತಾರೆ. ನಗಲಿ. ಆ ಗಂಡ ಮನೆಯೊಳಗೆ ಅವಳಿಗೆ ಏನು ಮಾಡುತ್ತಿದ್ದ ಅನ್ನುವುದು ಆಮೇಲೆ ಮೆಲ್ಲಗೆ ಹೊರಗೆ ಬರುತ್ತದೆ. ಈ ಮೂವರಿಗೆ ಬಂದ ಆಸ್ತಿ ಅಂದರೆ ತಾಯಿಯ ಸಾವು. ಅವರಮ್ಮ ಸಾಕಿದ ಬೆಕ್ಕನ್ನೂ ಜೊತೆಗೆ ನೇಣಿಗೆ ಹಾಕಿಕೊಂಡು ಸತ್ತವಳು. ಬೆಕ್ಕು ಯಾಕೆ ಅನ್ನುವುದಕ್ಕೆ ಬೇಬ್ ಕೊನೆಯಲ್ಲಿ ಒಂದು ಉತ್ತರ ಕಂಡುಕೊಳ್ಳುತ್ತಾಳೆ. ಅದನ್ನು ನಾನು ಹೇಳುವುದಿಲ್ಲ, ಓದುವಾಗ ಸಿಗಲಿ.

ಮೂರನೇ ಅಂಕದಲ್ಲಿ ಒಂದು ನಗುವಿದೆ. ತಾತ ಆಸ್ಪತ್ರೆಯಲ್ಲಿ ಕೋಮಾಕ್ಕೆ ಹೋಗಿದ್ದಾನೆ. ಮೆಗ್‌ಗೆ ಅದು ಗೊತ್ತಿಲ್ಲ. ಇನ್ನು ತಾತನಿಗೆ ನಿಜವನ್ನೇ ಹೇಳುತ್ತೇನೆ, ಕೋಮಾಕ್ಕೆ ಹೋದರೂ ಹೋಗಲಿ ಅನ್ನುತ್ತಾಳೆ. ಲೆನ್ನಿ, ಬೇಬ್ ಇಬ್ಬರಿಗೂ ತಡೆಯಲಾಗದ ನಗು. ಸಾವಿನ ಮನೆಯಲ್ಲಿ ಹಿಂದಿನ ಕೋಣೆಗೆ ಓಡಿಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕವರಿಗೆ ಇದು ಗೊತ್ತು. ನಮ್ಮಲ್ಲಿ ಇದನ್ನು ಓದಿದ ಮೂವರೂ ನಿಜವಾಗಿಯೇ ನಗಲು ಶುರು ಮಾಡಿ ಹತ್ತು ನಿಮಿಷ ಓದು ನಿಂತುಹೋಯಿತು. ಕೊನೆಗೆ ಒಬ್ಬಳ ಕಣ್ಣಲ್ಲಿ ನೀರು ಬಂದಿತ್ತು.

ಒಂದು ಸಿದ್ಧತೆ ಮಾಡಿಕೊಳ್ಳಿ. ನಾಟಕದ ಶುರುವಿನಲ್ಲಿ ಲೆನ್ನಿ ಒಬ್ಬಳೇ ಕೂತು ಒಂದು ಬಿಸ್ಕೆಟ್‌ಗೆ ಮೇಣದ ಬತ್ತಿ ಚುಚ್ಚಲು ನೋಡುತ್ತಾಳೆ, ಬಿಸ್ಕೆಟ್ ಪುಡಿಯಾಗುತ್ತದೆ. ಕೊನೆಯಲ್ಲಿ, ಒಂದು ದಿನ ತಡವಾಗಿ, ತಂಗಿಯರು ದೊಡ್ಡ ಕೇಕ್ ತಂದು ಬೆಳಗಿನ ತಿಂಡಿಗೇ ಮೂವರೂ ತಿನ್ನುತ್ತಾರೆ. ಓದುವ ದಿನ ಬಿಸ್ಕೆಟ್, ಬತ್ತಿ, ಕೇಕ್ ಮೂರನ್ನೂ ತರಿಸಿಡಿ. ಕೇಕನ್ನು ಲೆನ್ನಿ ಓದುವವಳಿಗೆ ಕಾಣದ ಹಾಗೆ ಇಡಿ.